ನೀರಿಲ್ಲದೆ ಉರಿದ ಹಸಿರು ದೀಪ

ಇಂಡಿ
೧೪ ಏಪ್ರಿಲ್ ೧೯೭೮

ಪ್ರೀತಿಯ ಅಣ್ಣಾ,

ಹೇಗಿದ್ದೀ? ಪುಣೆಯ ನೀರು ನಿನಗೆ ಒಗ್ಗಿತೋ ಇಲ್ಲವೋ ಎಂದು ಅವ್ವ ನನ್ನನ್ನೇ ಕೇಳುತ್ತಾಳೆ, ನನಗೇನು ಗೊತ್ತು. ಅವಳ ಮೊಣಕಾಲು ನೋವು ಕಡಿಮೆಯಾಗಿದೆ; ಮೊನ್ನೆ ಲಚ್ಯಾಣದ ಮಠಕ್ಕೆ ಹೋಗಿಬಂದಳು. ನನ್ನ ಮೈ ಚೆನ್ನಾಗಿದೆ, ಮನಸ್ಸು ಚೆನ್ನಾಗಿಲ್ಲ. ಕಾರಣ ನೀನು.

ನೀನು ಬಣ್ಣದ ಎಲ್‌ಇಡಿ ದೀಪಗಳ ಪೊಟ್ಟಣವನ್ನು ಮೆಹರಾಜನ ಹೆಸರಿಗೆ ಕಳಿಸಿದೆ. ನಾನೂ ಅವನೂ ಮಲಿಕಸಾಬರ ಗ್ಯಾರೇಜಿನಲ್ಲಿ ಒಂದೇ ಕಾರಿನ ಕೆಳಗೆ ಮಲಗಿ ಕೆಲಸ ಮಾಡುವವರು. ಅವನಿಗೆ ದೀಪ, ಅದನ್ನು ಜೋಡಿಸುವ ನಕ್ಷೆ, ಉದ್ದನೆಯ ಕಾಗದ. ನನಗೆ ‘ಮತ್ತೆ ಸಾಲಿಗೆ ಹೋಗು, ಓದು ಮುಗಿಸು’ ಎಂಬ ಒಂದು ಕಾರ್ಡು. ಅವನು ನಿನ್ನ ಗೆಳೆಯ, ಒಪ್ಪಿದೆ. ನಾನು ಯಾರು?

ಸಿಂದಗಿಯ ಡಾಕ್ಟರ ಫಿಯಟ್ ಕಾರು ದಾರಿಯಲ್ಲಿ ನೀರು ಬತ್ತಿ ಎರಡು ಸಲ ನಿಂತಿತ್ತು. ರೇಡಿಯೇಟರಿನಲ್ಲಿ ನೀರಿದ್ದರೆ ಹಸಿರು ದೀಪ, ಇಳಿದರೆ ಕೆಂಪು, ಹೀಗೆ ಮಾಡಿಕೊಡುವುದೆಂದು ಠರಾವಾಯಿತು. ರೇಡಿಯೇಟರಿನಲ್ಲಿ ಇಳಿಬಿಟ್ಟ ತಂತಿಗೆ ನೀರಿನೊಳಗಿಂದ ಬರುವ ಕರೆಂಟು ತೀರ ಕಡಿಮೆ, ದೀಪ ಹತ್ತಿಸಲು ನಡುವೆ ಟ್ರಾನ್ಸಿಸ್ಟರ್ ಬೇಕು. ನಾನು ಹಳೆಯ ರೇಡಿಯೊದಿಂದ ಕಿತ್ತ ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿದೆ. ಎಂಜಿನ್ ಕಾದ ಕೂಡಲೇ ಅದರಿಂದ ಕರೆಂಟು ಸೋರಿತು, ನೀರಿಲ್ಲದಿದ್ದರೂ ಹಸಿರು ಮಿಣಮಿಣ ಅಂದಿತು. ಮೆಹರಾಜ ಎಲ್ಲರ ಮುಂದೆ, “ಬಸಂತ್ಯಾನ ದೀಪಕ್ಕ ನೀರು ಬ್ಯಾಡ, ಬಿಸಿಲ ಸಾಕು” ಅಂದ. ಮಲಿಕಸಾಬರೂ ನಕ್ಕರು.

ಅವನು ನೀನು ಹೇಳಿದಂತೆ ಎಸ್‌ಎಲ್ ೧೦೦ ಎಂಬ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿದ. ಹಸಿರು ಹತ್ತಿತು, ಎಂಜಿನ್ ಎಷ್ಟು ಕಾದರೂ ಅಲುಗಲಿಲ್ಲ. ಡಾಕ್ಟರು ಬಂದು ನೋಡಿ ಅವನ ಬೆನ್ನು ತಟ್ಟಿದರು. ಅವರು ಚಹಾ ಕುಡಿಯುತ್ತಿರುವಾಗ ನಾನು ಬಗ್ಗಿ ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿ ನೀರೆಲ್ಲ ಬಕೆಟ್ಟಿಗೆ ಬಿಟ್ಟೆ. ಏನಾದರೂ ಕೆಡಲಿ ಎಂದೇ ಬಿಟ್ಟೆ, ಅದರಲ್ಲಿ ಮುಚ್ಚುಮರೆ ಇಲ್ಲ. ಕೆಂಪು ಹತ್ತಲಿಲ್ಲ, ಹಸಿರು ಹಾಗೇ ಉರಿಯುತ್ತಿತ್ತು. ಅಣ್ಣಾ, ಆಗ ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು. ಆಮೇಲೆ ಡಾಕ್ಟರು ಕಾರಿನ ಬಾಗಿಲು ತೆರೆದು ಮನೆಯವರನ್ನು ಹತ್ತಿಸಿದರು. ಮುದ್ದೇಬಿಹಾಳದವರೆಗೆ ದೂರದ ಹಾದಿ, ಏಪ್ರಿಲ್ ಬಿಸಿಲು, ಒಳಗೆ ಅವರ ಹೆಂಡತಿ, ಕೂಸು. ಅವರೆಲ್ಲ ಆ ದೀಪ ನಂಬಿ ಹೋಗುವವರು.

ಅವರನ್ನು ತಡೆದು, ನೀರಿಲ್ಲದಿದ್ದರೂ ಹಸಿರು ಉರಿಯುತ್ತಿದೆ ಎಂದು ಹೇಳಿದೆ. ಯಾರೂ ನಂಬಲಿಲ್ಲ. “ಹೊಟ್ಟಿಕಿಚ್ಚಿಗೆ ಹೇಳಾಕತ್ತೀಯಲ್ಲೋ” ಎಂದರು ಮಲಿಕಸಾಬರು. “ಹೌದ್ರಿ, ಹೊಟ್ಟಿಕಿಚ್ಚ ಐತಿ. ಆದ್ರ ನೀರಿಲ್ಲ, ಮುಚ್ಚಳ ತಗದು ನೋಡ್ರಿ” ಎಂದೆ. ತೆಗೆದು ನೋಡಿದರು. ಮೆಹರಾಜನ ಮುಖ ಸಣ್ಣದಾಯಿತು.

ತಪ್ಪು ಇಷ್ಟೇ. ಎಸ್‌ಎಲ್ ೧೦೦ದ ತಗಡಿನ ಟೊಪ್ಪಿಗೆಗೆ ಒಳಗಿನ ಒಂದು ಕಾಲು ಕೂಡಿರುತ್ತದೆ, ಆ ಟೊಪ್ಪಿಗೆ ಕಾರಿನ ಮೈಗೆ ತಾಗಿತ್ತು. ತಾಗಿದರೆ ಕರೆಂಟಿಗೆ ನೇರ ದಾರಿ ಸಿಗುತ್ತದೆ, ನೀರು ಇರಲಿ ಬಿಡಲಿ, ಹಸಿರು ಆರುವುದಿಲ್ಲ. ಮೆಹರಾಜನೇ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ನಡುವೆ ಇಟ್ಟ. ಕೆಂಪು ಹತ್ತಿತು. ನೀರು ಹಾಕಿದೆವು, ಹಸಿರು ಬಂತು. “ನಿನ್ನ ಹೊಟ್ಟಿಕಿಚ್ಚ ಹಿಂಗ ಇರಲಿ ಬಸಂತಾ, ಗಾಡಿ ತಪಾಸಕ್ಕ ಬೇಕಾಗ್ತೈತಿ” ಎಂದು ತನ್ನ ಚಹಾದಲ್ಲಿ ನನಗೆ ಅರ್ಧ ಕೊಟ್ಟ. ಅವನು ಒಳ್ಳೆಯವನಾದಷ್ಟೂ ನನಗೆ ಉರಿ ಹೆಚ್ಚು.

ಅವ್ವ ಹೊತ್ತಿಗೆ ಸರಿಯಾಗಿ ಉಣ್ಣು ಅಂದಿದ್ದಾಳೆ, ಅವಳೇ ನಿನ್ನ ತಲೆಯ ಮೇಲೆ ಕೈ ಇಟ್ಟಂತೆ ತಿಳಿದುಕೋ.

ನಿನ್ನ ತಮ್ಮ,
ಬಸಂತರಾಯ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಮುಂದಿನ ಪೊಟ್ಟಣದ ಮೇಲೆ ನನ್ನ ಹೆಸರು ಬರೆ. ದೀಪಗಳನ್ನು ಬೇಕಾದರೆ ಮೆಹರಾಜನಿಗೇ ಕೊಡುತ್ತೇನೆ. ಟಪಾಲಿನವನು ಗ್ಯಾರೇಜಿನ ಬಾಗಿಲಲ್ಲಿ ನಿಂತು ಒಂದು ಸಲ ನನ್ನ ಹೆಸರು ಕೂಗಬೇಕು, ಅದನ್ನು ಮೆಹರಾಜ ಕೇಳಬೇಕು.