ಬೆಚ್ಚಗಿನ ಒಂದು ಕೋಣೆ

ಭಾನುವಾರ, ಮಧ್ಯಾಹ್ನ

ನನ್ನ ಬಂಗಾರದಂಥ ಮಗಳೇ,

ನೀನು ಫೋನ್ ಮಾಡಿದಾಗಲೆಲ್ಲ ನಮ್ಮಂಥ ಉಬ್ಬಸದವರ ಉಸಿರಾಟದ ಕ್ಲಾಸು ಚೆನ್ನಾಗಿ ನಡೆಯುತ್ತಿದೆ ಎಂದು ಮಾತು ತೇಲಿಸುತ್ತಿದ್ದೆ. ಗಾಬರಿಯಾಗಬೇಡ, ಈಗ ನಿಜ ಹೇಳುತ್ತೇನೆ. ಚಳಿ ಶುರುವಾಗುತ್ತಲೇ ಕ್ಲಾಸು ನಿಂತುಹೋಗಿತ್ತು.

ಕರೆಂಟಿನ ದರ ಏರಿದ ಮೇಲೆ ಸಮುದಾಯ ಭವನದವರಿಗೆ ಅಷ್ಟು ದೊಡ್ಡ ಹಾಲನ್ನು ಬೆಚ್ಚಗಿಡಲು ಆಗಲಿಲ್ಲ. ಅವರನ್ನು ಬೈದು ಏನು ಬಂತು? ಹೀಟರ್ ಇಲ್ಲದೆಯೇ ನಡೆಸಿ ನೋಡಿದೆವು. ತಣ್ಣನೆ ಗಾಳಿ ಎದೆಗಿಳಿದದ್ದೇ ತಡ, ಒಬ್ಬರ ಕೆಮ್ಮಿಗೆ ಇನ್ನೊಬ್ಬರ ಕೆಮ್ಮು ತಾಳ ಹಾಕುತ್ತಿತ್ತು. ನಮಗೆ ವ್ಯಾಯಾಮ ಕಲಿಸುವ ಫಿಸಿಯೋ ಹುಡುಗಿ, "ವಾಸಿ ಮಾಡೋಕೆ ಕರೆದು ಕಾಯಿಲೆ ಹಚ್ತಿದೀನಲ್ಲ" ಎಂದು ತಾನೇ ಬಾಗಿಲು ಹಾಕಿದಳು.

ಮನೆಯಲ್ಲೇ ಮಾಡಿ ಎಂದಿದ್ದಳು. ನಾಲ್ಕು ದಿನ ಮಾಡಿದೆ. ನಿಮ್ಮಪ್ಪನೂ ಇಲ್ಲದ ಮನೆಯಲ್ಲಿ ಒಬ್ಬಳೇ ಕುರ್ಚಿಯಿಂದ ಏಳುವುದು, ಕೂರುವುದು. ಯಾರ ಸಂಭ್ರಮಕ್ಕೆ ಅನಿಸಿ ಬಿಟ್ಟುಬಿಟ್ಟೆ. ಆಮೇಲೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಏದುಸಿರು.

ನಮ್ಮ ಗುಂಪಿನಲ್ಲಿ ನಿವೃತ್ತ ಬಸ್ ಡ್ರೈವರೊಬ್ಬರಿದ್ದಾರೆ. ಹೆಂಡತಿ ತೀರಿಕೊಂಡು ವರ್ಷಗಳಾದವು. ಬಿಲ್ಲಿಗೆ ಹೆದರಿ ಹೀಟರ್ ಹಚ್ಚದೆ ಕೋಟು ಹಾಕಿಕೊಂಡೇ ಮಲಗುತ್ತಿದ್ದರಂತೆ. ಎದೆಗೆ ಸೋಂಕಾಗಿ ಆಸ್ಪತ್ರೆ ಸೇರಿದರು. ನೋಡಲು ಹೋದರೆ, ಮೂಗಿನಲ್ಲಿ ಆಕ್ಸಿಜನ್ ನಳಿಕೆ ಇದ್ದರೂ ತಮಾಷೆ ಬಿಟ್ಟಿರಲಿಲ್ಲ. "ಗಾಡಿ ಕೆಟ್ಟಿಲ್ಲ ಕಣ್ರೀ, ಚಳಿಗೆ ಸ್ಟಾರ್ಟ್ ಆಗ್ತಿಲ್ಲ ಅಷ್ಟೇ" ಎಂದರು. ನಕ್ಕೆ. ಹೊರಗೆ ಬಂದು ಕಣ್ಣೊರೆಸಿಕೊಂಡೆ.

ಅವತ್ತೇ ಫಿಸಿಯೋಗೆ ಫೋನ್ ಮಾಡಿದೆ. "ನಮ್ಮನೆ ಮುಂದಿನ ಕೋಣೆಲಿ ಆರು ಕುರ್ಚಿ ಹಿಡಿಸುತ್ತೆ ಕಣಮ್ಮ. ನಾನೊಬ್ಬಳು ಕೂರೋ ಕಡೆ ಆರು ಜನ ಕೂತ್ರೆ ಹೀಟರ್ ಏನು ಜಾಸ್ತಿ ಕರೆಂಟು ಕುಡಿಯುತ್ತಾ?"

ಅವಳು ಬಂದು ನೋಡಿ ಒಪ್ಪಿದಳು. ಸೋಫಾ ಪಕ್ಕದ ಮನೆ ಸೇರಿತು. ನೀರು ತುಂಬಿದ ಬಾಟಲಿಗಳನ್ನೇ ಎತ್ತುತ್ತೇವೆ, ಇಳಿಸುತ್ತೇವೆ. ಮೂಗಿಗೆ ಶಾಲು ಸುತ್ತಿಕೊಂಡು ಕಟ್ಟಡದ ಕಾರಿಡಾರಿನಲ್ಲಿ ಸಾಲಾಗಿ ನಡೆಯುತ್ತೇವೆ. ಇದೆಲ್ಲಿಗೆ ಮೆರವಣಿಗೆ ಎಂದು ಎದುರುಮನೆಯಾಕೆ ಕೇಳಿದರೆ ಉತ್ತರಿಸಲು ಒಬ್ಬರಲ್ಲೂ ಉಸಿರಿರಲಿಲ್ಲ. ಡ್ರೈವರು ಆಸ್ಪತ್ರೆಯಿಂದ ಬಂದು ಸೇರಿಕೊಂಡರು. ಈಗ ಅವರೇ ಮುಂದೆ.

ನಮ್ಮ ಗುಂಪಿನಲ್ಲಿದ್ದ ಹೊಲಿಗೆಯಾಕೆ ಮಾತ್ರ ಬರುತ್ತಿಲ್ಲ. ಭವನಕ್ಕೆ ಮೆಟ್ಟಿಲಿರಲಿಲ್ಲ, ನಮ್ಮ ಕಟ್ಟಡದ ಮೆಟ್ಟಿಲು ಆಕೆ ಹತ್ತಲಾರಳು. ಫಿಸಿಯೋ ಅವಳ ಮನೆಗೇ ಹೋಗಿ ಬರುತ್ತಾಳೆ, ಆದರೂ ಜೊತೆಯವರಿಲ್ಲವೆಂದು ಆಕೆಗೆ ಬೇಸರ. ನನಗೂ ಅದೊಂದು ಮುಳ್ಳು.

ನಾನೀಗ ಏದುಸಿರಿಲ್ಲದೆ ಬಟ್ಟೆ ಒಗೆದು ನಾನೇ ಒಣಹಾಕುತ್ತಿದ್ದೇನೆ. ನಿನ್ನ ಮನೆಗೆ ಬಂದಿರು ಎಂದು ಕರೆದಿದ್ದೆಯಲ್ಲ, ಸದ್ಯಕ್ಕೆ ಆಗದು ಕಂದಾ. ಅಳಿಯಂದಿರಿಗೂ ಹೇಳು, ಮುನಿಸಿಕೊಳ್ಳದಿರಲಿ.

ಸದಾ ನಿನ್ನ ಒಳಿತು ಬಯಸುವ
ಅಮ್ಮ

ಇನ್ನೊಂದು ಮಾತು: ಇಷ್ಟುದ್ದ ಬರೆದೂ ಮುಖ್ಯವಾದದ್ದನ್ನೇ ಬಿಟ್ಟೆ. ಮೊನ್ನೆ ಎಲ್ಲರೂ ಹೊರಟ ಮೇಲೆ ಡ್ರೈವರು ಬಾಗಿಲಲ್ಲೇ ನಿಂತರು. "ನಮ್ಮಿಬ್ಬರಿಗೆ ಎರಡು ಮನೆ, ಎರಡು ಹೀಟರ್ ಯಾಕೆ ಅಂತ" ಎಂದರು. ಕರೆಂಟು ಉಳಿಸೋಕಾ ಎಂದು ಕೇಳಿದೆ. ಮೂಗಿಗೆ ಸುತ್ತಿದ್ದ ಶಾಲು ಕೆಳಗೆಳೆದು, "ಅಲ್ಲ" ಎಂದರು. ನಾನು ಹೂಂ ಅಂದಿದ್ದೇನೆ. ನೀನೇನಂತೀಯ?