ಅನುಸೂಯಳ ರಕ್ತವೇ ಮತ್ತೆ ಏಕೆ ಬೇಕು?

ರಕ್ತ ಸಂಶೋಧನಾ ಘಟಕದ ಮಾನ್ಯ ಮುಖ್ಯಸ್ಥರೇ,

ಹೋದ ವರ್ಷ, ಅಂದರೆ 2003ರ ಕಾರ್ತಿಕದಲ್ಲಿ, ತಮ್ಮ ಜೀಪು ಚಿತ್ರದುರ್ಗದಿಂದ ರಾಮಗಿರಿಗೆ ಬಂದು ನಮ್ಮ ಮನೆಯ ಐವರ ರಕ್ತ ತೆಗೆದುಕೊಂಡು ಹೋಯಿತು: ನಾನು, ಹೆಂಡತಿ, ನನ್ನ ಅಕ್ಕ, ಮಗ, ಮಗಳು. ಫಲಿತಾಂಶ ಈವರೆಗೂ ಬಂದಿಲ್ಲ. ಬಂದಿರುವುದು ಒಂದು ಸಾಲಿನ ಪತ್ರ: "ಹೆಚ್ಚಿನ ಪರಿಶೀಲನೆಗಾಗಿ ಕುಮಾರಿ ಅನುಸೂಯ ಇವರನ್ನು ಮಾತ್ರ ಕರೆತರುವುದು." ಮಗಳನ್ನು ಮಾತ್ರ ಏಕೆ ಸ್ವಾಮಿ? ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತನಾಗಿರುವ ನಾನು ಇಂಥ ಪತ್ರಗಳನ್ನು ಬರೆದೇ ಅನ್ನ ತಿಂದವನು. ವಿಷಯ ಗೊತ್ತಿದ್ದೂ ಹೇಳಲು ಮನಸ್ಸಿಲ್ಲದಾಗ ನಾವು ಬಳಸುವ ಮಾತೇ "ಹೆಚ್ಚಿನ ಪರಿಶೀಲನೆ". ನನ್ನ ಅನುಮಾನಕ್ಕೆ ಅದೇ ಕಾರಣ.

ನನ್ನ ಹೆಂಡತಿ ಏಕಾಂತಮ್ಮ ಒಂದು ಕಾಲಕ್ಕೆ ಮಾತಾಡುತ್ತಲೇ ಮಾರುಗಟ್ಟಲೆ ಸೇವಂತಿಗೆ ಕಟ್ಟುತ್ತಿದ್ದಳು. ಏಳು ವರ್ಷದ ಹಿಂದೆ, ತಣ್ಣೀರು ಮುಟ್ಟಿದರೆ ಬೆರಳುಗಳು ಬಿಳಿಚಿಕೊಂಡು ನೀಲಿಗಟ್ಟತೊಡಗಿದವು. ಈಗ ಕೈ, ಮುಖದ ಚರ್ಮವೆಲ್ಲ ಬಿಗಿದುಕೊಂಡಿದೆ. ತುತ್ತಿಡಲು ಬಾಯಿಯೂ ಸರಿಯಾಗಿ ತೆರೆಯುವುದಿಲ್ಲ. ಕಾಯಿಲೆಯ ಹೆಸರು ಸ್ಕ್ಲೆರೋಡರ್ಮಾ ಎಂದು ತಮ್ಮವರೇ ಹೇಳಿದರು. ಮೈ ಕಾಯಬೇಕಾದ ರಕ್ತದ ಪ್ರತಿಕಾಯಗಳು ಮೈಯ ಮೇಲೆಯೇ ತಿರುಗಿ ಬೀಳುತ್ತವಂತೆ. ಅದಕ್ಕೆ ಕುಮ್ಮಕ್ಕು ವಂಶವಾಹಿಯಿಂದ ಬರುತ್ತದೆಯೇ ಎಂಬುದು ತಮ್ಮ ಸಂಶೋಧನೆಯಂತೆ. ಘನ ಕಾರ್ಯವೇ, ಅಲ್ಲವೆನ್ನುವುದಿಲ್ಲ. ಆದರೆ ಏಕಾಂತಮ್ಮ ನನ್ನ ಅಕ್ಕನ ಮಗಳೆಂದು ತಿಳಿದೊಡನೆ ತಮ್ಮ ಕಿರಿಯ ವೈದ್ಯರ ಪೆನ್ನು ಎಷ್ಟು ಚುರುಕಾಯಿತು! ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅವರು ಮೂರು ಸಲ ಕೇಳಿ, ವಂಶಾವಳಿಯ ಹಾಳೆಯಲ್ಲಿ ನಮ್ಮಿಬ್ಬರ ಹೆಸರಿನ ನಡುವೆ ಜೋಡಿ ಗೆರೆ ಎಳೆದರು. ಅದೇನೆಂದು ಕೇಳಿದ್ದಕ್ಕೆ, ನಿಮಗೆ ತಿಳಿಯುವಂಥದ್ದಲ್ಲ ಎಂದರು. ನನ್ನ ಮದುವೆಯ ಬಗ್ಗೆ ನನಗೇ ತಿಳಿಯದಂಥದ್ದು ಏನಿದ್ದೀತು?

ಅನುಸೂಯಳಿಗೆ ಈಗ ಹತ್ತೊಂಬತ್ತು. ಪತ್ರವನ್ನು ಮುಚ್ಚಿಡೋಣವೆಂದರೆ, ಒಡೆದು ಓದಿದವಳೇ ಅವಳು. ಅಂದಿನಿಂದ ಎದ್ದೊಡನೆ ತಣ್ಣೀರಿನಲ್ಲಿ ಕೈ ಅದ್ದಿ ಬೆರಳಿನ ಬಣ್ಣ ನೋಡಿಕೊಳ್ಳುತ್ತಾಳೆ. ಅದನ್ನು ಕಂಡು ನಾನು ಚಿತ್ರದುರ್ಗಕ್ಕೆ ಹೋಗುವುದೇ ಬೇಡವೆಂದೆ.

"ಹೋಗಾಣ ಅಪ್ಪ," ಎಂದಳು. "ಇದ್ರೆ ಐತೆ ಅನ್ಲಿ, ಇಲ್ದಿದ್ರೆ ಇಲ್ಲ ಅನ್ಲಿ. ದಿನಾ ಬೆರಳು ನೋಡ್ಕಂಡು ಬದುಕಾಕೆ ಆಗಲ್ಲ."

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಎರಡನೇ ಸಲ ಸೂಜಿ ಚುಚ್ಚುವ ಮೊದಲು, ಮೊದಲನೇ ಸಲ ಕಂಡದ್ದೇನೆಂದು ಅವಳ ಹೆಸರಿಗೇ, ಕನ್ನಡದಲ್ಲಿ ಬರೆದು ಕೊಡಿ. ಕಂಡದ್ದು ಕಾಯಿಲೆಯೋ, ಮುಂದೆ ಬರಬಹುದೆಂಬ ಬರೀ ಸುಳಿವೋ, ಅಥವಾ ಏನೂ ಅಲ್ಲವೋ, ಬಿಡಿಸಿ ಹೇಳಿ. ನಾನು ಅಕ್ಕನ ಮಗಳನ್ನು ಕಟ್ಟಿಕೊಂಡದ್ದೇ ತಪ್ಪೆಂದಾದರೆ ಅದನ್ನೂ ಬರೆಯಿರಿ. ಓದುವ ಧೈರ್ಯ ನನಗಿಲ್ಲ, ಅವಳಿಗಿದೆ.

ಇಂತಿ,
ಉತ್ತರ ಬೇಡುತ್ತಲೇ ಅದಕ್ಕೆ ಹೆದರುತ್ತಿರುವ,
ಚಿಕ್ಕತಿಮ್ಮಪ್ಪ
ರಾಮಗಿರಿ, ಹೊಳಲ್ಕೆರೆ ತಾಲ್ಲೂಕು