ಇಸ್ತ್ರಿ ಮಾಡುವಾಗ ಗುನುಗುತ್ತಿದ್ದ ಹಾಡು

ಅಕ್ಕಾ,

ಇವತ್ತು ಬಸ್ಸಿನ ಬಾಗಿಲು ಬುಸ್ಸೆಂದು ತೆರೆದುಕೊಂಡಿತು. ನಾನು ತಲೆ ಹಿಡಿದುಕೊಂಡು ರಸ್ತೆಯಲ್ಲೇ ಕುಕ್ಕರಿಸಿಬಿಟ್ಟೆ. ನಮ್ಮ ಲಾಂಡ್ರಿಯ ಬಾಯ್ಲರ್ ನನ್ನ ಕಣ್ಣೆದುರೇ ಸಿಡಿದು ನೀನು ಹೋದಾಗಿನಿಂದ ಹೀಗೇ.

“ಹೆದರಿದಾಗ ಮೈಯಲ್ಲಿ ಹಾರ್ಮೋನು ಉಕ್ಕುತ್ತಮ್ಮ. ಆ ಗಳಿಗೆಯ ನೆನಪನ್ನ ಅದು ಗಟ್ಟಿ ಮಾಡ್ಬಿಡುತ್ತೆ,” ಎಂದರು ಡಾಕ್ಟರಮ್ಮ, ನಾನು ತೋರಿಸಿಕೊಳ್ಳಲು ಹೋದಾಗ.

“ಅಳಿಸೋಕೆ ಮಾತ್ರೆ ಇಲ್ವಾ?”

“ನಿದ್ದೆಗೆ ಕೊಡ್ತೀನಿ,” ಎಂದರು.

ಬಟ್ಟೆಗೆ ನೀರು ಚಿಮುಕಿಸುತ್ತಾ ನೀನು ದಿನವೂ ಒಂದೇ ಹಾಡು ಗುನುಗುತ್ತಿದ್ದೆ. “ಸಾಕು ಮಾಡಕ್ಕ, ಕಿವಿ ತೂತು ಬಿತ್ತು,” ಎಂದು ನಾನು ಗೊಣಗುತ್ತಿದ್ದೆ. ಆಗ ನಮಗೆ ಯಾವ ಹೆದರಿಕೆಯೂ ಇರಲಿಲ್ಲವಲ್ಲ, ಆ ಹಾಡಿನ ಒಂದು ಸಾಲೂ ನೆನಪಲ್ಲಿ ಗಟ್ಟಿಯಾಗಲಿಲ್ಲ.

ಮನೆಗೆ ಬಂದು ಮೇಜಿನ ಮೇಲೆ ಅಂಗಿ ಹರಡಿದೆ, ನಿನ್ನ ಹಾಗೆಯೇ ನೀರು ಚಿಮುಕಿಸಿದೆ, ಆ ಹಾಡಿಗೆಂದು ಬಾಯಿ ತೆರೆದೆ. ಕಿವಿಗೆ ಬಂದದ್ದು ಅವತ್ತಿನ ನಿನ್ನ ಕೂಗು.